ಅತ್ತೆಯ ಅಡ್ಡ ಫೋನಿಗೆ ಹಿಡಿಸದ ಅರ್ಜಿ

ಹತ್ತನೇ ತರಗತಿ ಪರೀಕ್ಷೆ ಮುಗಿದ ರಜೆಯಲ್ಲಿ ಹೊಸನಗರ ಪೇಟೆಗೇ ನನ್ನಂಥ ಕಂಪ್ಯೂಟರ್ ಪಂಡಿತ ಇನ್ನೊಬ್ಬನಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನಂಬಿದವರು ಮಹಿಳಾ ಮಂಡಳಿಯವರು ಮಾತ್ರ.

ಮಳೆಗಾಲಕ್ಕೆ ಮೊದಲು ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆ ಬದಲಾಯಿಸಿಕೊಳ್ಳುವುದು ನಮ್ಮ ಕಡೆಯ ಹೆಂಗಸರಿಗೆ ಮದುವೆ ಸಂಬಂಧ ಕುದುರಿಸಿದಷ್ಟೇ ಗಂಭೀರ ವಿಷಯ. ಹಿಂದಿನ ವರ್ಷ ಕೆಲವರು ಗುಟ್ಟಾಗಿ ಫೋನ್ ಮಾಡಿ ಚಂದದ ಬಣ್ಣಗಳನ್ನೆಲ್ಲ ಮೊದಲೇ ಹಾರಿಸಿದ್ದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ನೆಂಟಸ್ತಿಕೆ ಅಲ್ಲಾಡಿಹೋಗಿತ್ತು. ಅದಕ್ಕೇ ಈ ಸಲ ಹೊಸ ಕಾನೂನು: ಬೇಕಾದ ಬಣ್ಣವನ್ನು ಮಂಡಳಿಯ ವೆಬ್ ಪುಟದಲ್ಲೇ ಕೇಳಬೇಕು, ಭಾನುವಾರ ಸಂಜೆ ಐದರೊಳಗೆ. ಮೊದಲು ಕೇಳಿದವರಿಗೆ ಗೆಡ್ಡೆ.

ಪುಟ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದರೊಳಗೆ ಒಂದು ಚೌಕಟ್ಟು ಹಾಕಿ, ಬಣ್ಣ ಆರಿಸಿ ಕಳಿಸುವ ಅರ್ಜಿಯನ್ನು ಕೂರಿಸಿದ್ದೆ. ಚೌಕಟ್ಟಿನ ಎತ್ತರವನ್ನು ನನ್ನ ಫೋನಿಗೆ ಸರಿಹೊಂದುವಂತೆ ಆರುನೂರು ಪಿಕ್ಸೆಲ್ ಎಂದು ಬರೆದು, ಒಳಗಿನದು ಮೇಲೆ ಕೆಳಗೆ ಸರಿಯದಂತೆ ಬೀಗವನ್ನೂ ಹಾಕಿದ್ದೆ. ನೋಡಲು ಚಂದ ಎಂದು.

ಶನಿವಾರ ಬೆಳಿಗ್ಗೆ ಮಾಸ್ತಿಕಟ್ಟೆ ಹತ್ತಿರದ ಅತ್ತೆಯ ಫೋನ್ ಬಂತು. ಅಪ್ಪನ ಅಕ್ಕ ಅವಳು.

“ಬಣ್ಣ ಆರಿಸದು ಇದ್ದು, ಕಳಿಸದು ಎಲ್ಲೂ ಇಲ್ಲೆ. ಎಂತ ಮಾಡಿಟ್ಟಿದ್ದೆ ಮಾಣಿ?”

ಅತ್ತೆಗೆ ಬೇಕಿದ್ದದ್ದು ಒಂದೇ ಒಂದು ಡೇರೆ: ಕಡುಗೆಂಪು ಎಸಳು, ಬಿಳಿ ತುದಿ. ಅಜ್ಜಿ ಅವಳಿಗೆ ಕೊಟ್ಟಿದ್ದ ತಳಿ. ಹಿಂದಿನ ವರ್ಷ ಮುಳ್ಳುಹಂದಿ ಕೊನೆಯ ಗೆಡ್ಡೆಯನ್ನೂ ಬಿಡದೆ ತಿಂದುಹೋಗಿತ್ತು. ಈಗ ಇಡೀ ಪಟ್ಟಿಯಲ್ಲಿ ಅಂಥದ್ದು ಮೇಳಿಗೆಯ ಒಬ್ಬರ ಹತ್ತಿರ ಒಂದೇ ಉಳಿದಿತ್ತು.

ಅತ್ತೆಯ ಮನೆಯಲ್ಲಿ ಸಿಗ್ನಲ್ ಸಿಗುವುದು ಅಡುಗೆಮನೆ ಕಿಟಕಿಯಲ್ಲಿ ಮಾತ್ರ. ಅಲ್ಲಿ ಎರಡು ಸರಳಿಗೆ ಫೋನನ್ನು ಅಡ್ಡಡ್ಡ ಇಟ್ಟು ರಬ್ಬರ್ ಬ್ಯಾಂಡ್ ಬಿಗಿದಿದ್ದಾಳೆ. ಅಕ್ಷರಗಳೋ, ಒಂದೊಂದೂ ಹಲಸಿನ ತೊಳೆಯಷ್ಟು ದಪ್ಪ. ಪರದೆಯ ಅಗಲಕ್ಕೆ ಹಿಗ್ಗುವಂತೆ ನಾನು ಹಾಕಿದ್ದ ಹೂವಿನ ಚಿತ್ರಗಳು ಅಡ್ಡ ಫೋನಿನಲ್ಲಿ ಬುಟ್ಟಿಗಾತ್ರವಾಗಿ, ಆರುನೂರನ್ನೂ ಅವೇ ನುಂಗಿ, ಕಳಿಸುವ ಗುಂಡಿ ಚೌಕಟ್ಟಿನ ಕೆಳಗೆ ಮುಚ್ಚಿಹೋಗಿತ್ತು.

“ಫೋನ್ ಬಿಚ್ಚಿ ನೆಟ್ಟಗೆ ಹಿಡಿ ಅತ್ತೆ.”

“ಬಿಚ್ಚಿದ್ರೆ ಸಿಗ್ನಲ್ ಹೋಗ್ತು. ಕಿಟಕಿನೂ ಕಿತ್ಕಂಡು ನೆಟ್ಟಗೆ ಹಿಡ್ಕಳಕ್ಕಾ?”

ಸರಿ, ಬೀಗ ತೆಗೆದೆ. ಈಗ ಒಳಗಿನ ಅರ್ಜಿಯೂ ಸರಿಯತೊಡಗಿತು, ಹೊರಗಿನ ಪುಟವೂ ಸರಿಯತೊಡಗಿತು. ಯಾವುದು ಯಾವಾಗ ಎಂಬುದು ಮಾತ್ರ ಅವಕ್ಕೇ ಗೊತ್ತು. ಅಡ್ಡ ಪರದೆಯನ್ನು ನನ್ನ ಚೌಕಟ್ಟೇ ತುಂಬಿಕೊಂಡು, ಹೊರಗಿನ ಪುಟವನ್ನು ಹಿಡಿದೆಳೆಯಲು ಬೆರಳಿಡುವಷ್ಟೂ ಜಾಗ ಇರಲಿಲ್ಲ.

“ದನ ಎಳ್ದಂಗೆ ಎಳ್ದೆ ಮಾರಾಯ. ಕೆಂಪು ಡೇರೆ ಹೋಗಿ ಹಳದಿಗೆ ಗುರುತು ಬಿತ್ತು!”

ಹಳದಿ ಬೇಕಾದವರು ಊರಲ್ಲಿ ಯಾರೂ ಇಲ್ಲ. ಹಟ ಹಿಡಿದು ಕೂತೆ. ಒಳಗಿನ ಅರ್ಜಿ ತನ್ನ ಎತ್ತರವನ್ನು ಹೊರಗಿನ ಪುಟಕ್ಕೆ ತಾನೇ ಹೇಳಬೇಕು, ಹೊರಗಿನದು ಅಷ್ಟಕ್ಕೆ ಚೌಕಟ್ಟು ಹಿಗ್ಗಿಸಬೇಕು. ಮಧ್ಯಾಹ್ನದೊಳಗೆ ಬರೆದು ಮುಗಿಸಿ, ಮೀಸೆ ಇಲ್ಲದ ಜಾಗವನ್ನು ತಿರುವಿಕೊಂಡೆ.

“ನಿನ್ನ ಪುಟ ಮುಗಿತೇ ಇಲ್ಲೆ,” ಎಂದಳು ಅತ್ತೆ. “ಬೆರಳಲ್ಲೇ ನಡೆದು ನಡೆದು ಇನ್ನು ಸಾಗರ ಮುಟ್ಟದೊಂದೇ ಬಾಕಿ.”

ನನ್ನ ಅರ್ಜಿ ತನ್ನನ್ನು ಅಳೆಯುವ ಬದಲು ಚೌಕಟ್ಟನ್ನು ಅಳೆದು, ಅಂಚಿಗೆ ಇಪ್ಪತ್ತು ಸೇರಿಸಿ ಹೇಳುತ್ತಿತ್ತು. ಚೌಕಟ್ಟು ಅಷ್ಟು ಬೆಳೆಯುತ್ತಿತ್ತು. ಬೆಳೆದದ್ದನ್ನು ಮತ್ತೆ ಅಳೆದು ಇನ್ನೂ ಇಪ್ಪತ್ತು. ಅತ್ತೆ ಫೋನ್ ಇಡುವಷ್ಟರಲ್ಲಿ ಪುಟ ಜೋಗದ ಗುಂಡಿಗಿಂತ ಆಳವಾಗಿತ್ತು.

ಆ ಕಿಟಕಿಯ ಮುಂದೆ ಕೂತೇ ಸರಿಮಾಡುತ್ತೇನೆಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತು ಬಸ್ ಹತ್ತಿದೆ. ಅತ್ತೆಯ ಫೋನಿನ ಇಂಟರ್ನೆಟ್ಟನ್ನೇ ಹಂಚಿಕೊಂಡು, ಕಿಟಕಿಯ ಕೆಳಗೆ ಒರಳುಕಲ್ಲಿಗೆ ಒರಗಿ ಶುರುಮಾಡಿದೆ. ಅಳತೆ ಅರ್ಜಿಯದ್ದು ಮಾತ್ರ. ಫೋನ್ ತಿರುಗಿದರೆ, ಚಿತ್ರ ತಡವಾಗಿ ಬಂದರೆ, ಅಕ್ಷರ ದಪ್ಪವಾದರೆ ಮತ್ತೆ ಅಳೆಯಬೇಕು. ಒಳಗಿನ ಸರಿದಾಟ ಬಂದ್. ನನ್ನ ಫೋನನ್ನು ದೋಸೆಯಂತೆ ಮಗುಚಿ ಮಗುಚಿ ನೋಡಿದೆ.

ನಾಲ್ಕೂವರೆಗೆ ಅತ್ತೆ ಕೈ ಒರೆಸಿಕೊಂಡು ಬಂದು ಕಡುಗೆಂಪಿಗೆ ಗುರುತು ಹಾಕಿದಳು. ಬೆರಳು ಒಂದೇ ಎಳೆತಕ್ಕೆ ಕೆಳಗಿಳಿಯಿತು, ಗುಂಡಿ ಸಿಕ್ಕಿತು, ಒತ್ತಿದಳು. ಪರದೆ ಪೂರ್ತಿ ಬಿಳಿಯಾಯಿತು.

“ಹೋತು! ಎಲ್ಲಾ ಹೋತು!” ಅತ್ತೆ ಹಿಂದಿನ ಪುಟಕ್ಕೆ ಹೋಗಲು ಕೈ ಚಾಚಿದಳು. ಆ ಕೈಯನ್ನು ಹಿಡಿದುಕೊಂಡೆ. ಅರ್ಜಿ ಹೋಗಿ ಅದರ ಜಾಗದಲ್ಲಿ ಒಂದೇ ಸಾಲು ಉಳಿದಿತ್ತು, ಆದರೆ ಇನ್ನೂ ಕುಗ್ಗದ ಚೌಕಟ್ಟಿನ ಮೇಲ್ತುದಿಯಲ್ಲಿ. ನಾವಿದ್ದದ್ದು ತಳದಲ್ಲಿ. ಮೇಲಕ್ಕೆ ಸರಿಸಿದೆ: ‘ಈ ಗೆಡ್ಡೆಗೆ ನಿಮ್ಮದೇ ಮೊದಲ ಕೋರಿಕೆ. ಗೆಡ್ಡೆ ನಿಮಗೆ.’

ಅತ್ತೆ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಸೆರಗಲ್ಲಿ ಕಣ್ಣೊರೆಸಿಕೊಂಡಳು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

“ಎಂತಕ್ಕೆ ಮುಚ್ಚಿದೆ? ಉಳಿದವ್ರೂ ನನ್ನಂಗೇ ಹೆದರಿ ಹಿಂದೆ ಹೋಗ್ತ. ಅದನ್ನೂ ಸರಿ ಮಾಡು.”

“ನಿಂಗೆ ಸಿಕ್ಕಿತಲ್ಲ ಅತ್ತೆ.”

“ಸಿಕ್ಕಿತು. ಅದಕ್ಕೇ ಹೇಳದು.”

ಐದಕ್ಕೆ ಇನ್ನೂ ಇಪ್ಪತ್ತೈದು ನಿಮಿಷ ಇತ್ತು. ಲ್ಯಾಪ್‌ಟಾಪ್ ಮತ್ತೆ ತೆರೆದೆ.