ಮೊದಲ ಗುಂಡು ಯಾಕೆ ಮೇಲೆ ಹೋಗುತ್ತದೆ?

ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಫ್ಲ್ಯಾಟಿನ ಲಕ್ಷ್ಮಿಗಾರು ಹೆಪ್ಪು ಇಸಿದುಕೊಳ್ಳದೆ ವಾಪಸ್ ಹೋದರು.

ಕಾರಣ ಇಷ್ಟೇ. ನಮ್ಮ ಊಟದ ಟೇಬಲ್ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕ, ಒಂದು ರೈಫಲ್ ಬಿಚ್ಚಿಕೊಂಡು ಮಲಗಿತ್ತು. ನಮ್ಮ ಮನೆಯವರು ತಲೆಗೆ ಟಾರ್ಚ್ ಕಟ್ಟಿಕೊಂಡು ಅದರ ಹೊಟ್ಟೆಯೊಳಗೆ ಇಣುಕುತ್ತಿದ್ದರು.

"ಏಂಟಂಡಿ ಇದಿ?" ಇದೇನ್ರೀ ಅಂತ ತೆಲುಗಿನಲ್ಲಿ ಕೇಳಿದರು ಲಕ್ಷ್ಮಿಗಾರು, ಹೊಸ್ತಿಲಲ್ಲೇ ನಿಂತು.

ಅವರಿಗೆ ಧೈರ್ಯ ಬರಲಿ ಅಂತ ನಾನು ನಗುತ್ತಾ, "ನಾದೇ ಅಂಡಿ" ಅಂದೆ. ನಮ್ಮ ಮನೆಯವರದಲ್ಲ, ನನ್ನದೇ ಅಂದೆ. ಆಮೇಲೆ ಅವರು ನಿಲ್ಲಲಿಲ್ಲ.

ನೀವು ಹೆದರಬೇಡಿ. ಅದು ಏರ್ ರೈಫಲ್. ಮದ್ದಿಲ್ಲ, ಹೊಗೆಯಿಲ್ಲ, ಬರೀ ಗಾಳಿ. ಹತ್ತು ಮೀಟರ್ ದೂರದ ಕಾಗದಕ್ಕೆ ಸಣ್ಣದೊಂದು ತೂತು ಬೀಳುತ್ತದೆ ಅನ್ನುವುದು ಬಿಟ್ಟರೆ ಅದರಿಂದ ಈವರೆಗೆ ಯಾರಿಗೂ ಏನೂ ಆಗಿಲ್ಲ. (ನಮ್ಮ ಮನೆಯ ನೆಮ್ಮದಿಗೆ ಏನಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.)

ಶಾಲೆಯಲ್ಲಿ ಗಣಿತ ಹೇಳಿಕೊಡುವ ಹೆಂಗಸಿಗೆ ಈ ಹುಚ್ಚು ಹತ್ತಿದ್ದು ಹೇಗೆ? ಹೈದರಾಬಾದಿನ ಶಂಶಾಬಾದ್ ಕಡೆಯ ಒಂದು ಶೂಟಿಂಗ್ ರೇಂಜ್‌ನವರು ನಮ್ಮ ಮಿಯಾಪುರದ ಅಪಾರ್ಟ್‌ಮೆಂಟಿನ ಹೆಂಗಸರನ್ನೆಲ್ಲ ಒಂದು ಭಾನುವಾರ ಕರೆದು ಫ್ರೀ ಟ್ರಯಲ್ ಕೊಟ್ಟರು. ಉಳಿದವರು ಫೋಟೊ ತೆಗೆಸಿಕೊಂಡು ಬಂದರು. ನಾನು ಮುಂದಿನ ಭಾನುವಾರವೂ ಹೋದೆ. ರೈಫಲ್ ಹೆಗಲಿಗಿಟ್ಟು ಉಸಿರು ಬಿಗಿಹಿಡಿದು ನಿಂತಾಗ ಯಾರೂ ನನ್ನನ್ನು 'ರಾತ್ರಿಗೆ ಏನು ಅಡಿಗೆ' ಅಂತ ಕೇಳುವುದಿಲ್ಲ. ಒಂದು ಆಟವನ್ನು ಪ್ರೀತಿಸಲು ಅಷ್ಟು ಸಾಲದೇ? ಕೊನೆಗೆ ಯಾರೋ ಆಡಿ ಬಿಟ್ಟ ಸೆಕೆಂಡ್ ಹ್ಯಾಂಡ್ ರೈಫಲ್ ಒಂದನ್ನು ಕೊಂಡೇಬಿಟ್ಟೆ.

ಇದರಿಂದ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ನನ್ನ ಅತ್ತೆ. ಸುರಪುರದ ಕಡೆಯವರು, ಮದುವೆಯಾಗಿ ಬಂದಾಗಿನಿಂದ ಹೈದರಾಬಾದೇ ಊರು. ತರಕಾರಿಯವನ ಹತ್ತಿರ ದಖನಿ, ಲಿಫ್ಟಿನಲ್ಲಿ ತೆಲುಗು, ದೇವರ ಹತ್ತಿರ ಮತ್ತು ನಮ್ಮ ಹತ್ತಿರ ಕನ್ನಡ. ವಾಚ್‌ಮನ್‌ನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ "ಮೇರಿ ಬಹೂ ಗೋಲಿ ಚಲಾತಿ", ನನ್ನ ಸೊಸೆ ಗುಂಡು ಹೊಡೆಯುತ್ತಾಳೆ ಅಂತ ಹೇಳಿಟ್ಟಿದ್ದಾರೆ. ಅಂದಿನಿಂದ ನಮ್ಮ ಪಾರ್ಕಿಂಗ್ ಜಾಗದಲ್ಲಿ ಬೇರೆ ಯಾರೂ ಗಾಡಿ ನಿಲ್ಲಿಸಿಲ್ಲ.

ಈ ಸಲ ದಸರೆ ಮುಗಿದ ಮುಂದಿನ ಭಾನುವಾರವೇ ರೇಂಜಿನಲ್ಲಿ ಆಯ್ಕೆ ಇತ್ತು. ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವ ತಂಡದಲ್ಲಿ ನನ್ನ ವಯಸ್ಸಿನ ಹೆಂಗಸರಿಗೆ ಇರುವುದು ಒಂದೇ ಜಾಗ. ಹೋದ ವರ್ಷ ಅದು ಒಂದೇ ಒಂದು ಅಂಕದಿಂದ ನನ್ನ ಕೈತಪ್ಪಿತ್ತು. ಈ ವರ್ಷ ಆ ಜಾಗ ನನಗೆ ಬೇಕಿತ್ತು. 'ಭಾಗವಹಿಸುವುದೇ ಮುಖ್ಯ' ಅಂತೆಲ್ಲ ಮಕ್ಕಳಿಗೆ ಹೇಳುತ್ತೇನೆ, ನಿಜ. ಆದರೂ ಬೇಕಿತ್ತು.

ಖಂಡೇನವಮಿಯ ದಿನ ಅತ್ತೆ ಎಂದಿನಂತೆ ಮೆಹದಿಪಟ್ಟಣಂವರೆಗೆ ಬಸ್ಸಿನಲ್ಲಿ ಹೋಗಿ ಚೆಂಡು ಹೂ ತಂದರು. (ಮನೆ ಹತ್ತಿರ ಸಿಗುವ ಹೂವು ಅವರ ಲೆಕ್ಕದಲ್ಲಿ ಹೂವಲ್ಲ.) ಮನೆಯ ಆಯುಧಗಳನ್ನೆಲ್ಲ ಮಣೆಯ ಮೇಲೆ ಪೂಜೆಗೆ ಕೂರಿಸಿದರು. ಈಳಿಗೆ, ಮಿಕ್ಸರ್, ಹೊಲಿಗೆ ಮಷೀನು, ಮಗನ ಲ್ಯಾಪ್‌ಟಾಪ್, ವೈಫೈ ಡಬ್ಬಿ. ಎಲ್ಲದರ ನಡುವೆ ಮದುಮಗಳ ಹಾಗೆ ನನ್ನ ರೈಫಲ್. ಹೋಳಿಗೆ ತಿಂದೆವು, ಮರುದಿನ ಬನ್ನಿ ಹಂಚಿದೆವು, ಮೂರನೆಯ ದಿನ ನಾನು ಪ್ರಾಕ್ಟೀಸಿಗೆ ಹೋದೆ.

ಮೊದಲ ಗುಂಡು ಮೇಲೆ ಹೋಯಿತು.

ಹೋಗಲಿ, ಹಬ್ಬದ ಹೋಳಿಗೆಯ ಭಾರ ಅಂದುಕೊಂಡೆ. ಎರಡನೆಯದು ಸರಿಯಾಗಿ ಬಿತ್ತು. ಮೂರನೆಯದೂ ಸರಿ. ನೀರು ಕುಡಿದು ಬಂದು ಮತ್ತೆ ಹೊಡೆದೆ. ಮತ್ತೆ ಮೊದಲನೆಯದು ಮೇಲೆ. ಸ್ವಲ್ಪ ಬಿಡುವು ಕೊಟ್ಟಾಗಲೆಲ್ಲ ಇದೇ ಕಥೆ. ಈ ಆಟದಲ್ಲಿ ನಟ್ಟನಡುವಿನ ಹತ್ತು ಅಂಕಕ್ಕೂ ಅದರ ಹೊರಗಿನ ಒಂಬತ್ತಕ್ಕೂ ನಡುವೆ ಇರುವುದು ಎರಡೂವರೆ ಮಿಲಿಮೀಟರ್. ನಾನು ಪ್ರತಿ ಗುಂಡಿಗೂ ಬಿಡುವು ಕೊಟ್ಟು ಉಸಿರು ಸರಿಮಾಡಿಕೊಂಡು ಹೊಡೆಯುವವಳು. ಹಾಗಾದರೆ ನನ್ನ ಪಾಲಿಗೆ ಪ್ರತಿ ಗುಂಡೂ ಮೊದಲ ಗುಂಡೇ ಅಲ್ಲವೇ?

ನಮ್ಮ ಮನೆಯವರು ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟರ್. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸಂಬಳ ತೆಗೆದುಕೊಳ್ಳುವವರು. (ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ.) ವಿಷಯ ಕೇಳಿದ ಕೂಡಲೇ ಅವರ ಮೊದಲ ತೀರ್ಪು, "ಯೂಸರ್ ಎರರ್. ನೀ ಉಸಿರು ಬರೋಬ್ಬರಿ ಹಿಡಿಯಾಕತ್ತಿಲ್ಲ."

"ನೀವೇ ಬಂದು ಹೊಡೀರಿ ಹಂಗಾದ್ರ" ಅಂದೆ.

ಬಂದರು, ಹೊಡೆದರು. ಅವರ ಮೊದಲ ಗುಂಡೂ ಮೇಲೆ ಹೋಯಿತು. ಉಳಿದವು ಎಲ್ಲಿಗೆ ಹೋದವು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ನಮ್ಮ ಕೋಚ್ ನೋಡಿ, "ಮೇಡಮ್, ರೆಗ್ಯುಲೇಟರ್ ಲೀಕ್ ಹೈ" ಅಂದರು. ಅದೇನು ಅಂತ ನಿಮಗೆ ಹೇಳಬೇಕೆಂದರೆ ಅಡಿಗೆಮನೆಗೆ ಹೋಗಬೇಕು. ಗ್ಯಾಸ್ ಸಿಲಿಂಡರಿನ ಒಳಗಿನ ಒತ್ತಡ ನೇರವಾಗಿ ಒಲೆಗೆ ಬಂದರೆ ನಮ್ಮ ಗತಿ ಏನು? ಅದಕ್ಕೇ ನಡುವೆ ರೆಗ್ಯುಲೇಟರ್ ಇರುತ್ತದೆ. ರೈಫಲ್‌ನಲ್ಲೂ ಹಾಗೇ. ಗಾಳಿ ತುಂಬಿದ ಸಿಲಿಂಡರಿನಿಂದ ಪ್ರತಿ ಗುಂಡಿಗೂ ಒಂದೇ ಅಳತೆಯ ಗಾಳಿ ಬಿಡುವುದು ಅದರ ಕೆಲಸ. ಅಳತೆ ಮುಟ್ಟಿದ ಕೂಡಲೇ ಬಾಗಿಲು ಹಾಕಬೇಕು. ಬಾಗಿಲು ಸರಿಯಾಗಿ ಕೂರದಿದ್ದರೆ ಗಾಳಿ ಸಂದಿಯಲ್ಲಿ ನುಸುಳುತ್ತಲೇ ಇರುತ್ತದೆ. ನೀವು ಉಸಿರು ಸರಿಮಾಡಿಕೊಳ್ಳುವಷ್ಟರಲ್ಲಿ ಒತ್ತಡ ಏರಿ, ಗುಂಡು ವೇಗವಾಗಿ ಹೋಗಿ ಮೇಲೆ ಬೀಳುತ್ತದೆ.

"ಪುಣೆಗೆ ಸರ್ವಿಸ್‌ಗೆ ಕಳಿಸಿ, ಒಂದು ತಿಂಗಳಾಗುತ್ತೆ" ಅಂದರು ಕೋಚ್. ಆಯ್ಕೆ ಇದ್ದದ್ದು ಆ ಭಾನುವಾರ.

"ತಿಂಗಳ್ಯಾಕ? ನಾ ಮಾಡ್ತೀನಿ" ಅಂದರು ನಮ್ಮ ಮನೆಯವರು. ನಮ್ಮ ಗೀಸರ್ ಇವರ ಕೈಗೆ ಸಿಕ್ಕಿ ಏನಾಯಿತು ಅನ್ನುವುದು ನನಗೆ ಗೊತ್ತು.

ಶುರುವಾಯಿತು. ಕೋಚ್ ಕೊಟ್ಟ, ಒತ್ತಡ ಅಳೆಯುವ ಚಿಕ್ಕ ಗೇಜನ್ನು ರೇಂಜಿನಲ್ಲೇ ಜೋಡಿಸಿ ನೋಡಿದೆವು. ಮುಳ್ಳು ಎಪ್ಪತ್ತಕ್ಕೆ ಬಂದು ನಿಂತಿತು. ಆಹಾ ಅನ್ನುವಷ್ಟರಲ್ಲಿ, ಹಾಲು ಉಕ್ಕುವ ಮುಂಚೆ ಅಂಚಿಗೆ ಬರುತ್ತದಲ್ಲ, ಹಾಗೆ ಮೆಲ್ಲಗೆ ಮೇಲೇರಿತು. ಇವರು ಸಿಲಿಂಡರ್ ತೆಗೆದು, ಒಳಗಿನ ಗಾಳಿಯನ್ನೆಲ್ಲ ಖಾಲಿ ಮಾಡಿ, ರೆಗ್ಯುಲೇಟರಿನ ಸ್ಕ್ರೂ ಎಲ್ಲಿತ್ತೆಂದು ನನ್ನ ನೇಲ್ ಪಾಲಿಷ್‌ನಿಂದ ಗುರುತು ಹಾಕಿದರು. ಒಂದು ಚೂರು ಸಡಿಲ ಮಾಡಿದರು. ಎಲ್ಲ ಗುಂಡೂ ಕೆಳಗೆ ಬಿದ್ದವು, ಮೊದಲನೆಯದು ಮಾತ್ರ ಉಳಿದವುಗಳಿಗಿಂತ ಮೇಲೆ. ಮತ್ತೊಂದು ಗುರುತು ಹಾಕಿ ಬಿಗಿ ಮಾಡಿದರು. ಎಲ್ಲವೂ ಮೇಲೆ, ಮೊದಲನೆಯದು ಇನ್ನೂ ಮೇಲೆ. ಸ್ಕ್ರೂ ತಿರುಗಿಸಿದರೆ ಅಳತೆ ಬದಲಾಗುತ್ತದೆ, ಸೋರುವ ಬಾಗಿಲು ಮುಚ್ಚುವುದಿಲ್ಲ. ಇದು ಅರ್ಥವಾಗುವ ಹೊತ್ತಿಗೆ ಸ್ಕ್ರೂ ಸುತ್ತ ಗುಲಾಬಿ ಚುಕ್ಕೆಗಳ ರಂಗೋಲಿಯೇ ಆಗಿತ್ತು. ಮೊದಲ ಚುಕ್ಕೆ ಯಾವುದು ಅಂತ ಇವರಿಗೂ ಗೊತ್ತಿಲ್ಲ.

ಹೀಗೆ ಶುಕ್ರವಾರ ಸಂಜೆ ರೈಫಲ್ ಊಟದ ಟೇಬಲ್ಲಿಗೆ ಬಂತು. ಲಕ್ಷ್ಮಿಗಾರು ಓಡಿಹೋದದ್ದು ಆವತ್ತೇ.

"ನೋಡು" ಅಂದರು ಇವರು, ಪಕ್ಕಾ ಆಫೀಸಿನ ದನಿಯಲ್ಲಿ. "ದಸರಾಕ್ಕಿಂತ ಮೊದಲ ಛಲೋ ಇತ್ತು. ಈಗ ಕೆಟ್ಟೈತಿ. ನಡುವ ಏನ್ ಬದಲಾತು?"

"ಏನೂ ಬದಲಾಗಿಲ್ರಿ. ಮನಿಯಾಗ ಸುಮ್ನ ಇತ್ತು."

"ಏನೂ ಬದಲಾಗದ ಏನೂ ಕೆಡಂಗಿಲ್ಲ" ಅಂದು ಇವರು ರೆಗ್ಯುಲೇಟರಿನ ಕೊನೆಯ ತಿರುಪು ಬಿಚ್ಚಿದರು.

ಒಳಗೆ, ಆ ಪುಟಾಣಿ ಬಾಗಿಲು ಕೂರುವ ಜಾಗದಲ್ಲಿ, ಕೆಂಪು ಪುಡಿ.

"ತುಕ್ಕು" ಅಂದರು ಇವರು. ಆಮೇಲೆ ಗಾಳಿ ತುಂಬುವ ಕಂಪ್ರೆಸರ್, ತೇವಾಂಶ, ಹೈದರಾಬಾದಿನ ಹವೆ ಅಂತ ಭಾಷಣ ಶುರುವಾಯಿತು. ನಾನು ಬಗ್ಗಿ ನೋಡಿದೆ. ಕಡುಗೆಂಪು. ಅದರ ಪಕ್ಕ ಒಂದು ಹಳದಿ ಕಣ. ತುಕ್ಕು ಯಾವತ್ತಾದರೂ ಅರಿಶಿನದ ಜೊತೆ ಬರುತ್ತದೆಯೇ?

ಅದು ಅತ್ತೆ ಸುರಪುರದಿಂದ ತರಿಸುವ ಕುಂಕುಮ.

ಮನೆಯಲ್ಲಿ ರೈಫಲ್ ಇಡುವಾಗ ಸಿಲಿಂಡರ್ ತಿರುಗಿಸಿ ಬೇರೆ ಮಾಡಿ ಇಡುತ್ತೇನೆ. ಆಗ ರೈಫಲ್‌ಗೆ ಎರಡು ಬಾಯಿ. ಒಂದು ಗುಂಡು ಹೊರಬರುವುದು, ಇನ್ನೊಂದು ಗಾಳಿ ಒಳಹೋಗುವುದು. ಆಯುಧಕ್ಕೆ ಬಾಯಿಗೇ ಕುಂಕುಮ ಹಚ್ಚಬೇಕು ಅನ್ನುವುದು ಅತ್ತೆಯ ತವರಿನ ಪದ್ಧತಿ. ಅವರಿಗೆ ಪಕ್ಷಪಾತ ಗೊತ್ತಿಲ್ಲ. ಎರಡೂ ಬಾಯಿಗೆ ಅರಿಶಿನ ಕುಂಕುಮ ಹಚ್ಚಿದ್ದಾರೆ. ಗಾಳಿಯ ಬಾಯಿಯಲ್ಲಿ ಇರಬೇಕಾದ ಸಣ್ಣ ಜಾಲರಿಯನ್ನು ಹಿಂದಿನ ಮಾಲೀಕ ಯಾವತ್ತೋ ತೆಗೆದುಹಾಕಿದ್ದ. ನಾನು ಸಿಲಿಂಡರ್ ಕೂರಿಸಿದ್ದೇ ತಡ, ದೇವರ ಕುಂಕುಮ ಗಾಳಿಯ ಜೊತೆ ಗರ್ಭಗುಡಿ ಸೇರಿದೆ.

ಏನು ಬದಲಾಯಿತು ಅಂತ ನಾವಿಬ್ಬರೂ ಅಷ್ಟು ತಲೆ ಕೆಡಿಸಿಕೊಂಡರೂ ಪೂಜೆ ಯಾಕೆ ನೆನಪಾಗಲಿಲ್ಲ? ಪ್ರೀತಿಯಿಂದ ಮಾಡಿದ್ದನ್ನು ಮನೆಯಲ್ಲಿ ಯಾರೂ ಬದಲಾವಣೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇವರಿಗೂ ಅಷ್ಟರಲ್ಲಿ ಹೊಳೆಯಿತು. ಬಾಯಿ ತೆರೆದರು. ಅದೇ ಹೊತ್ತಿಗೆ ಅತ್ತೆ ಚಹಾ ಹಿಡಿದುಕೊಂಡು ಬಂದರು. ನಾನು ಟೇಬಲ್ ಕೆಳಗೆ ಇವರ ಕಾಲು ತುಳಿದೆ.

"ಸಿಕ್ತೇನು?" ಅಂದರು ಅತ್ತೆ.

"ಹೂನ್ರಿ ಅತ್ತಿ, ತುಕ್ಕು ಹಿಡಿದೈತಿ" ಅಂದೆ.

ಇಪ್ಪತ್ತು ವರ್ಷದಿಂದ ತಪ್ಪು ಕಂಡ ಕೂಡಲೇ ಊರಿಗೆಲ್ಲ ಮೇಲ್ ಕಳಿಸುತ್ತಾ ಬಂದ ಮನುಷ್ಯ ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು. "ಹೌದವ್ವಾ. ತುಕ್ಕು" ಅಂದರು. ಆ ಕ್ಷಣಕ್ಕೆ ಇವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಗೀಸರ್ ವಿಷಯವನ್ನೂ ಕ್ಷಮಿಸಿಬಿಟ್ಟೆ.

ಅತ್ತೆ ಟೇಬಲ್ ಮೇಲಿನ ಬಿಳಿ ಬಟ್ಟೆ ನೋಡಿದರು. ಅದರ ಮೇಲೆ ಕೆಂಪು ಗೀರಿತ್ತು. "ಹಂಗೇನು" ಅಂದು ಒಳಗೆ ಹೋದರು.

ನೂಲು ಬಿಡದ ಬಟ್ಟೆಯಲ್ಲಿ ಎಲ್ಲ ಒರೆಸಿದೆವು. ಕೋಚ್ ಕೊಟ್ಟಿದ್ದ ಹೊಸ ರಬ್ಬರ್ ಬಳೆ ಕೂರಿಸಿ, ಉಗುರಿನ ತುದಿಯಷ್ಟು ಗ್ರೀಸ್ ಸವರಿ ಜೋಡಿಸಿದೆವು. ಶನಿವಾರ ರೇಂಜಿಗೆ ಹೋಗಿ ಗೇಜ್ ಹಾಕಿ ಕೂತೆವು. ಮುಳ್ಳು ನಿಂತಿತು. ಹೊರಗೆ ಹೋಗಿ ಚಹಾ ಕುಡಿದು ಬಂದೆವು. ನಿಂತೇ ಇತ್ತು. ಆದರೆ ಬೇಕಾದ ಅಳತೆಗಿಂತ ಕೆಳಗೆ. ಗುಲಾಬಿ ಚುಕ್ಕೆಗಳನ್ನು ನಂಬುವ ಹಾಗಿರಲಿಲ್ಲ. ಹಾಗಾಗಿ ಗಾಳಿ ಖಾಲಿ ಮಾಡುವುದು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ಗಾಳಿ ಬಿಟ್ಟು ನಾಲ್ಕು ಗುಂಡು ಹೊಡೆದು ಮುಳ್ಳು ನೋಡುವುದು. ಇಷ್ಟು ತಾಳ್ಮೆ ಇವರಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ತಲೆಯ ಮೇಲಿಂದ ಪಕ್ಕದ ಏರ್‌ಪೋರ್ಟಿಗೆ ವಿಮಾನಗಳು ಇಳಿಯುತ್ತಲೇ ಇದ್ದವು, ಇವರು ಒಮ್ಮೆಯೂ ತಲೆ ಎತ್ತಲಿಲ್ಲ. ಕತ್ತಲಾಗುವ ಮುಂಚೆ ಮೊದಲ ಗುಂಡು ಉಳಿದವುಗಳ ತೂತಿನಲ್ಲೇ ಹೋಯಿತು.

ಭಾನುವಾರ ಬೆಳಿಗ್ಗೆ ಹೊರಟು ನಿಂತೆ. ಅತ್ತೆ ಕೈಗೆ ಮೊಸರು ಸಕ್ಕರೆ ಹಾಕಿದರು. ಪ್ರತಿ ಸಲ ರೈಫಲ್ ಬ್ಯಾಗನ್ನು ಒಂದು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು, ಆವತ್ತು ಅದರಿಂದ ಮಾರು ದೂರ ನಿಂತರು.

"ನಾ ಅದನ್ನ ಮುಟ್ಟಂಗಿಲ್ಲವ್ವಾ" ಅಂದರು.

ಅವರಿಗೆ ಗೊತ್ತಾಗಿದೆ. ಶುಕ್ರವಾರದಿಂದ ಗೊತ್ತಿದೆ. ಎರಡು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾರೆ. ನಾವೇನೋ ಭಾರಿ ಬುದ್ಧಿವಂತರ ಹಾಗೆ ಅವರ ಮುಂದೆ ತುಕ್ಕಿನ ನಾಟಕ ಆಡಿದ್ದೆವು.

ಅಷ್ಟರಲ್ಲಿ ಅವರು ಕುಂಕುಮದ ಭರಣಿ ತೆಗೆದರು. ನನ್ನ ಬಲಗೈ ಹಿಡಿದು, ಟ್ರಿಗರ್ ಒತ್ತುವ ಬೆರಳಿಗೆ ಒಂದು ಬೊಟ್ಟು ಇಟ್ಟರು.

"ಇದರೊಳಗ ಸ್ಕ್ರೂ ಇಲ್ಲಲ?"

"ಇಲ್ರಿ ಅತ್ತಿ."

"ಹೋಗಿ ಬಾ."

ರೇಂಜಿನಲ್ಲಿ ನನ್ನ ಸರದಿ ಬಂದಾಗ ಕೈ ಒರೆಸಿಕೊಳ್ಳಲು ಬಟ್ಟೆ ತೆಗೆದೆ, ಮತ್ತೆ ಒಳಗಿಟ್ಟೆ. ಒರೆಸಲು ಮನಸ್ಸು ಬರಲಿಲ್ಲ. ಎಂದಿನಂತೆ ನಿಧಾನಕ್ಕೆ ಉಸಿರು ತೆಗೆದುಕೊಂಡೆ, ಇನ್ನೂ ಸ್ವಲ್ಪ ನಿಧಾನಕ್ಕೆ ಬಿಟ್ಟೆ, ಬೇಕೆಂದೇ ಕಾದೆ. ಏರುವುದಾದರೆ ಈಗ ಏರಲಿ ಅಂತ. ಆಮೇಲೆ ಒತ್ತಿದೆ.

ಸಂಜೆ ಮನೆಗೆ ಬಂದಾಗ ಜಾಗ ನನ್ನದಾಗಿತ್ತು. ಇವರು ಲಿಫ್ಟಿನಲ್ಲೇ ಇಬ್ಬರಿಗೆ ಹೇಳಿಯಾಗಿತ್ತು. ಲಕ್ಷ್ಮಿಗಾರು ಬಾಗಿಲು ಅರ್ಧ ತೆಗೆದು ನಕ್ಕರು. ಅತ್ತೆ ಮಾತ್ರ ಒಟ್ಟು ಎಷ್ಟು ಬಂತು, ಎಷ್ಟನೆಯವಳು ನೀನು ಅಂತ ಯಾವುದನ್ನೂ ಕೇಳಲಿಲ್ಲ.

"ಮೊದಲನೇದು ಎಷ್ಟ ಬಿತ್ತು?" ಅಂದರು.

"ಹತ್ತು ಅತ್ತಿ."

ಇಂಥದ್ದಕ್ಕೆ ಇವರು ಆಫೀಸಿನಲ್ಲಿ ಪುಟಗಟ್ಟಲೆ ರಿಪೋರ್ಟ್ ಬರೆದು, ಮೀಟಿಂಗ್ ಕರೆದು, ಮತ್ತೆ ಅದರ ಮೇಲೊಂದು ರಿಪೋರ್ಟ್ ಬರೆಯುತ್ತಾರೆ. ಅತ್ತೆ ಕುಂಕುಮದ ಭರಣಿಯ ಮುಚ್ಚಳ ಹಾಕುತ್ತಾ ಕೇಸ್ ಮುಗಿಸಿದರು.

"ಹಂಗಾರ ಕುಂಕುಮದ್ದೇನೂ ತಪ್ಪಿಲ್ಲ. ಹಚ್ಚಿದ ಜಾಗ ತಪ್ಪಿತ್ತು."