ಗೆಂಡೆ ಮೀನು ಏರುತ್ತಿದ್ದ ಹಳ್ಳ

ಪಟಾಕಿ ಸುಟ್ಟ ವಾಸನೆ ಬಂದರೆ ನನಗೆ ದೀಪಾವಳಿಯಲ್ಲ, ತೊಣ್ಣೂರು ಕೆರೆಗೆ ಸೇರುತ್ತಿದ್ದ ನಮ್ಮ ಹಳ್ಳ ನೆನಪಾಗುತ್ತದೆ. ಎದ್ದು ಕಿಟಕಿ ಮುಚ್ಚುತ್ತೇನೆ, ಮತ್ತೆ ತೆರೆಯುತ್ತೇನೆ. ನಿಮ್ಮೂರಿನಲ್ಲೂ ಅಂಥದೊಂದು ಹಳ್ಳ ಇದ್ದಿರಬಹುದು. ಮುಂಗಾರಿನ ಹೊಸನೀರು ಇಳಿದ ದಿನ ಕೆರೆಯ ಗೆಂಡೆ ಮೀನುಗಳು ಮೊಟ್ಟೆಯಿಡಲು ಬೆಟ್ಟದ ಕಡೆಗೆ ಏರುತ್ತಿದ್ದವು. ಕೆಂಪು ನೀರಿನಲ್ಲಿ ಬೆನ್ನುಗಳು ಮಿಂಚುತ್ತಿದ್ದವು. ದಡದಲ್ಲಿ ಹಣ್ಣಾದ ಈಚಲಿನ ವಾಸನೆ. ಈಚಲು ಕರಡಿಯ ಪಾಲು, ನಾವು ಮುಟ್ಟುತ್ತಿರಲಿಲ್ಲ. ಏರುವ ಮೀನನ್ನೂ ಮುಟ್ಟುತ್ತಿರಲಿಲ್ಲ. ಮೀನು ಹಿಡಿಯುವ ಬಿದಿರಿನ ಕೂಳಿಯನ್ನು ಅಜ್ಜಿ ಬೆಟ್ಟಕ್ಕೆ ಬಾಯಿ ಮಾಡಿಯೇ ಇಡುತ್ತಿದ್ದಳು. ಮೊಟ್ಟೆಯಿಟ್ಟು ಇಳಿದು ಬಂದದ್ದಷ್ಟೇ ನಮಗೆ. "ಏರೋದು ಬಸ್ರಿ ಕಣ್ ಮಗಾ, ಅಡ್ಡ ನಿಲ್ಬಾರ್ದು" ಎನ್ನುತ್ತಿದ್ದಳು.

ತೊಂಬತ್ತರ ದಶಕದ ನಡುವೆ ಬೆಟ್ಟದಲ್ಲಿ ಕಲ್ಲುಗಣಿ ಶುರುವಾಯಿತು. ಊಟದ ಹೊತ್ತಿಗೆ ಗಣಿಯ ಎಚ್ಚರಿಕೆ ಸೀಟಿ ಕೇಳಿಸಿದರೆ ನಾವು ತಟ್ಟೆಗೆ ಅಂಗೈ ಮುಚ್ಚುತ್ತಿದ್ದೆವು. ಮದ್ದು ಸಿಡಿದು ಹೆಂಚಿನ ಧೂಳು ಉದುರುತ್ತಿತ್ತು, ಪಟಾಕಿ ಸುಟ್ಟಂಥ ವಾಸನೆ ಹಳ್ಳದವರೆಗೂ ಇಳಿಯುತ್ತಿತ್ತು. ಒಂದು ಬೆಳಗ್ಗೆ ಕರಡಿ ಹಿತ್ತಿಲ ಬೇಲಿಯವರೆಗೆ ಬಂದು ಅತ್ತಿಂದಿತ್ತ ಸುಳಿದಾಡಿತು. ತಟ್ಟೆ ಬಡಿದು ಓಡಿಸಲು ಹೊರಟ ಚಿಕ್ಕಪ್ಪನನ್ನು ಅಜ್ಜಿ ತಡೆದಳು: "ಸುಮ್ಕಿರ್ಲಾ. ಅದ್ರ ಮನೆಗೇ ಮದ್ದಿಟ್ಟವ್ರೆ, ಇನ್ನೆಲ್ಗೋಯ್ತದೆ?" ಆಮೇಲೆ ಅದು ಕಾಣಲಿಲ್ಲ. ಈಚಲ ಹಣ್ಣು ಮರದಡಿಯೇ ಕೊಳೆಯಿತು.

ಮರುವರ್ಷ ಮಳೆಗೆ ಮುಂಚೆ ಲಾರಿಗಳಿಗಾಗಿ ಹಳ್ಳಕ್ಕೆ ಅಡ್ಡಲಾಗಿ ಕಲ್ಲು ತುಂಬಿ ದಾರಿ ಮಾಡಿದರು. ಸಂದಿಗಳಿಂದ ನೀರು ಇಳಿಯುತ್ತಿತ್ತು, ಮೀನಿಗೆ ದಾರಿಯಿರಲಿಲ್ಲ. ಗೆಂಡೆಗಳು ಹಾರಿ ಕಲ್ಲಿಗೆ ಬಡಿದು ಬೀಳುತ್ತಿದ್ದವು, ಮತ್ತೆ ಹಾರುತ್ತಿದ್ದವು. ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ನೀರಿಗಿಳಿದು, ಮೊದಲ ಬಾರಿಗೆ ಕೂಳಿಯ ಬಾಯನ್ನು ಕೆರೆಯ ಕಡೆ ತಿರುಗಿಸಿದಳು.

"ನಿನ್ ಗೆಂಡೆಗೆ ರೋಡು ದಾಟಕ್ಕೆ ಬಸ್ಸು ಬುಡುಸ್ಲೇನವ್ವಾ?" ಎಂದ ಚಿಕ್ಕಪ್ಪ.

"ನಾನೇ ಕಣ್ಲಾ ಬಸ್ಸು. ಕೊಳಗ ಇಡ್ಕೊ ಬಾ, ನೀನು ಕಂಡಕ್ಟ್ರು."

ನಗುತ್ತಲೇ ಅವನು ಕೊಳಗ ಹಿಡಿದ. ಸಿಕ್ಕ ಮೀನುಗಳನ್ನು ಲಾರಿ ದಾರಿ ದಾಟಿಸಿ ಮೇಲಿನ ನೀರಿಗೆ ಬಿಟ್ಟೆವು. ಕತ್ತಲಾಗುವವರೆಗೂ ಹೊತ್ತೆವು. ಕೊಳಗದೊಳಗೆ ಅವು ಬಡಿದುಕೊಳ್ಳುತ್ತಿದ್ದುದು ಈಗಲೂ ನನ್ನ ಮೊಣಕೈಗೆ ಗೊತ್ತು.

ಮರುದಿನ ಅಜ್ಜಿ ದಾರಿಯ ಮೇಲುಗಡೆ ಕೂಳಿಯನ್ನು ಎಂದಿನಂತೆ ಬೆಟ್ಟಕ್ಕೆ ಬಾಯಿ ಮಾಡಿ ಇಟ್ಟಳು. ಇಳಿದು ಬಂದರೆ ಮೊಟ್ಟೆಯಿಟ್ಟಿವೆ ಎಂದು ಅರ್ಥ. ದಿನವೂ ಹೋಗಿ ಎತ್ತಿ ನೋಡಿದೆವು. ಬಿದಿರಿನ ಸಂದಿಗಳಲ್ಲಿ ಬಿಳಿಯ ಕಲ್ಲುಪುಡಿ ಕೂತಿತ್ತು, ಅಷ್ಟೇ.

ಅದರ ಮುಂದಿನ ಮುಂಗಾರಿಗೆ ಒಂದು ಗೆಂಡೆಯೂ ಏರಲಿಲ್ಲ. ಹೊಸನೀರು ಇಳಿದ ದಿನ ಅಜ್ಜಿ ಮಾತ್ರ ಕೊಳಗ ತೊಳೆದುಕೊಂಡು ಹೋಗಿ, ಲಾರಿ ದಾರಿಯ ಕೆಳಗಡೆ ಮೊಣಕಾಲುದ್ದ ನೀರಿನಲ್ಲಿ, ಕೆರೆಯ ಕಡೆ ನೋಡುತ್ತ ನಿಂತಿದ್ದಳು.