ಎರಡನೇ ಪಂಕ್ತಿಯ ಸಿಟ್ಟು

ಮೊನ್ನೆ ಯಾದವಗಿರಿಯಲ್ಲಿ ನನ್ನ ಮಗಳ ಮನೆ ಮುಂದೆ ಡೆಕೊರೇಷನ್ನಿನವರು ವ್ಯಾನಿನಿಂದ ಹೂವಿನ ಮೂಟೆ ಇಳಿಸುತ್ತಿದ್ದರು. ನೀರು ಚಿಮುಕಿಸಿದ ಗೋಣಿಚೀಲಗಳು. ಮೊಮ್ಮಗಳ ಮದುವೆಗೆ ಇನ್ನು ಮೂರೇ ದಿನ. ಒಳಗೆ ಹುಡುಗಿಯರೆಲ್ಲ ಹಳದಿ ಬಟ್ಟೆ ತೊಟ್ಟು, ಪ್ಯಾಕೆಟ್ಟಿನ ಅರಿಶಿನವನ್ನು ಒಬ್ಬರ ಮುಖಕ್ಕೊಬ್ಬರು ಬಳಿಯುತ್ತಿದ್ದರು. ಕ್ಯಾಮೆರಾದವನು ನಗಿ ಅಂದರೆ ನಗುವುದು, ಇನ್ನೊಂದು ಸಲ ಅಂದರೆ ಇನ್ನೊಂದು ಸಲ ಬಳಿಯುವುದು. ಆ ಗದ್ದಲ ತಡೆಯಲಾರದೆ ನಾನು ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಆಗ ಬಂತು ಒದ್ದೆ ಗೋಣಿಯ ವಾಸನೆ. ಸೆಣಬು, ಮಣ್ಣು, ಒಂದಿಷ್ಟು ಮುಗ್ಗಲು. ಅದು ಮೂಗಿಗೆ ಬಡಿದರೆ ನನಗೆ ಅವ್ವನ ತಮ್ಮ ಸಿದ್ದಪ್ಪ ಮಾವ ಎದುರಿಗೆ ಬಂದು ನಿಲ್ಲುತ್ತಾನೆ. ಅವನ ಹಿಂದೆಯೇ ನನ್ನ ಮದುವೆಯ ಮುಂಚಿನ ನಾಲ್ಕು ದಿನ, ಅದರ ಹಿಂದೆಯೇ ನನ್ನ ಸಿಟ್ಟು. ಆ ಮನೆ ಹೋಯಿತು, ಆ ಜನ ಹೋದರು, ಸಿಟ್ಟು ಮಾತ್ರ ಹೋಗಿಲ್ಲ. ನಿಮ್ಮ ಮನೆಗಳಲ್ಲೂ ಇಂಥವರು ಇದ್ದಿರಬೇಕು, ಆದ್ದರಿಂದ ಹೇಳುತ್ತೇನೆ.

ನಮ್ಮದು ಕೃಷ್ಣಮೂರ್ತಿಪುರದಲ್ಲಿ ಹೆಂಚಿನ ಮನೆ. ಅಪ್ಪನಿಗೆ ಬೆಲ್ಲದ ಮಂಡಿ ಇತ್ತು, ಹಾಗಾಗಿ ಪಡಸಾಲೆಗೆ ಕಾಲಿಟ್ಟರೆ ಅಂಟು, ಬಾಗಿಲಿಗೆ ಕೈ ಇಟ್ಟರೆ ಅಂಟು, ಎಲ್ಲೆಲ್ಲೂ ಇರುವೆ. ಮದುವೆ ಗೊತ್ತಾದ ಮೇಲೆ ಆ ಇರುವೆಗಳ ಜೊತೆಗೆ ನೆಂಟರೂ ಸೇರಿಕೊಂಡರು. ಹಿತ್ತಿಲಲ್ಲಿ ಅರಿಶಿನ ಕುಟ್ಟುವ ಒನಕೆಯ ಸದ್ದು, ಅಡುಗೆಮನೆಯಲ್ಲಿ ಬೀಸುವ ಕಲ್ಲಿನ ಸದ್ದು, ಮಂಚದ ಮೇಲೆ ಒಣಗಲು ಹಾಕಿದ ಶ್ಯಾವಿಗೆಯನ್ನು ಕಾಯುತ್ತ ಕೂತ ಮುದುಕಿಯರ ಬಾಯಿಯ ಸದ್ದು. ಮದುವೆಯಾಗುವವಳು ನಾನು, ಆದರೆ ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಒಬ್ಬಳು ಕೂರು ಅಂದರೆ ಇನ್ನೊಬ್ಬಳು ಏಳು ಅನ್ನುತ್ತಿದ್ದಳು. ಅವ್ವ ಮಾತ್ರ ಕೆಲಸದ ನಡುವೆ ಬೀದಿ ಬಾಗಿಲಿಗೆ ಬಂದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಗ್ರಹಾರದ ಕಡೆಗೆ ನೋಡಿ ಒಳಗೆ ಹೋಗುತ್ತಿದ್ದಳು. ಅಗ್ರಹಾರದ ಹಿಂದಿನ ಬೀದಿಯಲ್ಲಿ ಸಿದ್ದಪ್ಪ ಮಾವನ ಸೌದೆ ಡಿಪೋ, ಅದರ ಹಿಂದೆ ಅವನ ಮನೆ. ನಡೆದರೆ ಕಾಲು ಗಂಟೆ. ಆ ಕಾಲು ಗಂಟೆಯ ದಾರಿಯನ್ನು ಇಬ್ಬರು ಗಂಡಸರು ಸೇರಿ ಕಾಶಿಯಷ್ಟು ದೂರ ಮಾಡಿ ಇಟ್ಟಿದ್ದರು.

ಕಾರಣ ಕೇಳಿದರೆ ನೀವು ನಗುತ್ತೀರಿ. ಹಿಂದಿನ ವರ್ಷ ಮಾವ ಆ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ. ಅಪ್ಪ ಮಂಡಿ ಮುಚ್ಚಿ ಹೋಗುವಷ್ಟರಲ್ಲಿ ಮಠದಿಂದ ಬಂದವರನ್ನೆಲ್ಲ ಕೂರಿಸಿ ಮೊದಲನೇ ಪಂಕ್ತಿಗೆ ಬಡಿಸಿಬಿಟ್ಟಿದ್ದರು. ಮಾವ ನೀರಿನ ಕೊಳಗ ಹಿಡಿದು ಓಡಾಡುತ್ತಿದ್ದನೇ ಹೊರತು ಭಾವ ಬಂದದ್ದನ್ನು ನೋಡಲಿಲ್ಲ. ಅಪ್ಪ ಎರಡನೇ ಪಂಕ್ತಿಯಲ್ಲಿ ಕೂತು, ಉಂಡು, ಕೈ ತೊಳೆದು, ತಾಂಬೂಲ ಮುಟ್ಟದೆ ಬಂದುಬಿಟ್ಟ. ಅಷ್ಟೇ. ಯಾರೂ ಬೈದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಅದಕ್ಕೆ ಒಂದು ವರ್ಷ ಮಾತಿಲ್ಲ, ಕತೆಯಿಲ್ಲ.

ನಮ್ಮಲ್ಲಿ ಚಪ್ಪರಕ್ಕೆ ಮೊದಲ ಕಂಬ ಹಾಲುಗಂಬ. ಕಡಿದರೆ ಹಾಲು ಒಸರುವ ಅತ್ತಿಯ ಕೊಂಬೆ, ಎಲೆ ಹಸಿರಾಗಿರಬೇಕು. ಅದನ್ನು ಹುಡುಗಿಯ ಸೋದರಮಾವನೇ ಹೆಗಲ ಮೇಲೆ ಹೊತ್ತು ತಂದು ನೆಡಬೇಕು. ಅವನನ್ನು ಕರೆಯುವುದೂ ಹಾಗೆಯೇ, ಕುಂಕುಮ ತಾಂಬೂಲ ಹಿಡಿದು ಮನೆಗೆ ಹೋಗಿ ಕರೆಯಬೇಕು. ಅಪ್ಪ ಏನು ಮಾಡಿದ? ಮಂಡಿಯ ಗುಮಾಸ್ತನ ಕೈಯಲ್ಲಿ ಲಗ್ನಪತ್ರಿಕೆ ಕಳಿಸಿದ. "ಅವನ ಮನೇಲಿ ನಂಗೆ ಎರಡನೇ ಪಂಕ್ತಿ. ನನ್ನ ಮನೆಯಿಂದ ಅವಂಗೆ ಗುಮಾಸ್ತನ ಕೈಲಿ ಕಾಗದ. ಸರಿಹೋಯ್ತು ಬುಡು," ಅಂದ. ಗುಮಾಸ್ತ ಹೋದಷ್ಟೇ ಬೇಗ ತಿರುಗಿ ಬಂದ. "ಭಾವ ಬಂದು ಕರೆದ್ರೆ ಭಾವನ ಮನೆ ಮದುವೆಗೆ ಬರ್ತೀನಿ. ಗುಮಾಸ್ತ ಕರೆದ್ರೆ ಗುಮಾಸ್ತನ ಮನೆ ಮದುವೆಗೆ ಹೋಗ್ತೀನಿ ಅಂತ ಹೇಳು ಅಂದ್ರು ಬುದ್ಧಿ," ಅಂತ ಪಡಸಾಲೆಯಲ್ಲಿ ಎಲ್ಲರ ಮುಂದೆ ಹೇಳಿ ತಲೆ ಕೆರೆದುಕೊಂಡ. ಅಪ್ಪ ದೂರದ ನೆಂಟನೊಬ್ಬನನ್ನು ತೋರಿಸಿ, "ಇವನೂ ವರಸೇಲಿ ಮಾವನೇ ಅಲ್ವಾ, ಇವನೇ ನೆಡ್ಲಿ," ಅಂದ. ಆಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಗಂಡಸರ ನಡುವೆ ಎಂದೂ ಬಾಯಿ ಬಿಡದವಳು. "ನನ್ನ ತಮ್ಮ ನೆಡದಿರೋ ಕಂಬದ ಕೆಳಗೆ ನಾನು ನಿಂತ್ಕೊಳ್ಳಾಕಿಲ್ಲ. ಧಾರೆ ಎರೆಯೋಕೆ ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ," ಅಂದು, ಒಳಗೆ ಹೋಗಿ ಮತ್ತೆ ಬೀಸುವ ಕಲ್ಲು ತಿರುಗಿಸಿದಳು. ಅವ್ವ ಹೇಳಿದರೆ ಮಾಡುವವಳು. ಅವಳಿಲ್ಲದ ಧಾರೆ ನನಗೂ ಬೇಡವಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಬಳೆಗಾರ ಬಂದು ನನಗೆ ಮೊಣಕೈವರೆಗೂ ಹಸಿರು ಬಳೆ ತೊಡಿಸಿದ. ಮದುವಣಗಿತ್ತಿ ಆ ಬಳೆ ತೊಟ್ಟಮೇಲೆ ಹೊಸಿಲು ದಾಟುವಂತಿಲ್ಲ. ಚಪ್ಪರ ಹಾಕುವುದು ಆ ಸಂಜೆಯೇ. ಯಾರಾದರೂ ಹೋಗಿ ಮಾವನನ್ನು ಕರೆದಾರೆಂದು ಮಧ್ಯಾಹ್ನದವರೆಗೂ ಕಾದೆ. ಎಲ್ಲರೂ ಅಯ್ಯೋ ಪಾಪ ಅನ್ನುವವರೇ, ಎದ್ದು ಹೋಗುವವರು ಒಬ್ಬರೂ ಇಲ್ಲ. ಅಪ್ಪ ಉಂಡು ಗೊರಕೆ ಹೊಡೆಯುತ್ತಿದ್ದ. ನನಗೆ ತಲೆ ಕೆಟ್ಟು ಹೋಯಿತು. ದೇವರ ಮನೆಯಿಂದ ಕುಂಕುಮದ ಭರಣಿ ತೆಗೆದುಕೊಂಡೆ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೆ, ಹಿತ್ತಿಲ ಬಾಗಿಲಿನಿಂದ ಆಚೆ ಬಂದುಬಿಟ್ಟೆ. ಸದ್ದಾಗದಿರಲಿ ಅಂತ ಸೆರಗಿನೊಳಗೆ ಮುಚ್ಚಿದರೂ ಆ ಬಳೆಗಳು ದಾರಿಯುದ್ದಕ್ಕೂ ಊರಿಗೆಲ್ಲ ಸಾರಿದವು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸೊಬ್ಬಳು ಕೊಡ ಸೊಂಟಕ್ಕೆ ಇಟ್ಟುಕೊಂಡವಳು ಹಾಗೇ ನಿಂತುಬಿಟ್ಟಳು. ನೋಡಿಕೋ ಹೋಗು ಅಂದುಕೊಂಡೆ.

ಮಾವ ಊಟಕ್ಕೆ ಕೂತಿದ್ದ. ನನ್ನನ್ನು ನೋಡಿ ಅವನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾನು ಅತ್ತೆಗೆ ಕುಂಕುಮ ಹಚ್ಚಿ, ತಟ್ಟೆಯನ್ನು ಮಾವನ ಎಲೆ ಪಕ್ಕ ಇಟ್ಟು, "ನನ್ನ ಮದುವೆಗೆ ಬನ್ನಿ," ಅಂದೆ.

"ಬಳೆ ತೊಟ್ಟೋಳು ಬೀದಿಗೆ ಬಂದಿದ್ದೀಯಲ್ಲೇ ಗೌರಿ! ಕರೆಯೋಕೆ ನಿಮ್ಮಪ್ಪಂಗೆ ಕಾಲಿಲ್ವಾ?"

"ಕಾಲೈತೆ ಮಾವ. ನಿಮಗೂ ಐತೆ. ಇಬ್ಬರ ಕಾಲೂ ಚೆನ್ನಾಗೈತೆ, ಅದಕ್ಕೇ ನಾನು ನಡೆದು ಬಂದೆ."

ಅತ್ತೆಗೆ ನಗು ತಡೆಯಲಾಗಲಿಲ್ಲ. "ಸುಮ್ನೆ ಎದ್ದೇಳಿ ಸಾಕು," ಅಂದಳು ಗಂಡನಿಗೆ. "ಬಾರೇ ಇಲ್ಲಿ, ನಿಮ್ಮ ಮಾವನ ದೌಲತ್ತು ತೋರಿಸ್ತೀನಿ," ಅಂತ ನನ್ನ ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಬಾವಿಕಟ್ಟೆಯ ನೆರಳಿನಲ್ಲಿ ಉದ್ದಕ್ಕೆ ಏನೋ ಮಲಗಿತ್ತು. ಒದ್ದೆ ಗೋಣಿಚೀಲ ಸುತ್ತಿ ಹುರಿಯಿಂದ ಕಟ್ಟಿತ್ತು. ತುದಿಯಲ್ಲಿ ಅತ್ತಿಯ ಎಲೆ ಹಸಿಹಸಿಯಾಗಿ ಇಣುಕುತ್ತಿತ್ತು. "ಎರಡು ದಿನ ಆಯ್ತು ಕಡಿದು ತಂದು. ಗಳಿಗೆಗೊಂದು ಸಲ ಎದ್ದು ಹೋಗಿ ನೀರು ಚಿಮುಕಿಸ್ತಾರೆ. ನನಗೆ ಒಂದು ದಿನ ಇಷ್ಟು ಉಪಚಾರ ಮಾಡಿಲ್ಲ ಕಣೇ," ಅಂದಳು ಅತ್ತೆ. ಮಾವ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದ. ನನಗೆ ಅಳು ಬರಲಿಲ್ಲ, ಇನ್ನಷ್ಟು ಸಿಟ್ಟು ಬಂತು. ಕಂಬ ಕಡಿದು ಇಟ್ಟುಕೊಂಡವನು ಬಾಯಲ್ಲಿ ಬರುವುದಿಲ್ಲ ಅಂದು, ಅಲ್ಲಿ ಅವ್ವನನ್ನು ಬಾಗಿಲಿಗೂ ಒಲೆಗೂ ಅಲೆಸಿದ್ದನಲ್ಲ.

ಸಂಜೆ ಅವನು ಹೊಸ ಅಂಗಿ ತೊಟ್ಟು ಕಂಬ ಹೊತ್ತು ಬಂದ. ಅವ್ವ ಅವನ ಕಾಲಿಗೆ ನೀರು ಕೊಟ್ಟಳು. ಅವನು ಕಂಬ ನೆಟ್ಟ. ಅಪ್ಪ ಮಾತ್ರ, "ಸಿದ್ದಪ್ಪ, ಮೊದಲನೇ ಪಂಕ್ತಿಗೆ ಕೂತ್ಕೊಳ್ಳಯ್ಯ, ಆಮೇಲೆ ಒಂದು ವರ್ಷ ಮಾತು ಬಿಟ್ಬುಟ್ಟೀಯ," ಅಂತ ಚುಚ್ಚಿದ. ಮಾವ, "ನಂಗೆ ಎರಡನೇದೇ ರೂಢಿ," ಅಂದು ಕಂಬಕ್ಕೆ ಒರಗಿ ನಿಂತ. ಅವನು ಕೂರುವವರೆಗೆ ತಾನೂ ಕೂರುವುದಿಲ್ಲ ಅಂತ ಅಪ್ಪ ನಿಂತ. ಇಬ್ಬರೂ ನಿಂತೇ ಇದ್ದು, ಕೊನೆಗೆ ಅಡುಗೆಯವರ ಜೊತೆ ಕಡೆಯ ಪಂಕ್ತಿಯಲ್ಲಿ ಕೂತರು. ಅಷ್ಟರಲ್ಲಿ ಪಾಯಸ ಮುಗಿದಿತ್ತು. ಅವ್ವ ಇಬ್ಬರಿಗೂ ಬರೀ ಅನ್ನ ಸಾರು ಬಡಿಸಿದಳು. ಆದರೆ ಸಾರು ಬಡಿಸಿ ತಿರುಗಿದಾಗ ಅವಳ ಮುಖ ನಾನು ನೋಡಿದೆ. ನನ್ನ ಧಾರೆಯ ದಿನವೂ ಅವಳು ಅಷ್ಟು ಚೆನ್ನಾಗಿ ಕಾಣಲಿಲ್ಲ.

ಮೊಮ್ಮಗಳ ಮದುವೆಯ ಕಂಬವನ್ನೂ ಮೊನ್ನೆ ಆ ವ್ಯಾನಿನಿಂದಲೇ ಇಳಿಸಿದರು. ಅದು ಡೆಕೊರೇಷನ್ನಿನ ಜೊತೆಗೇ ಬರುತ್ತದಂತೆ. ಪೈಪಿಗೆ ಪ್ಲಾಸ್ಟಿಕ್ ಎಲೆ ಸುತ್ತಿದ್ದರು. ಮದುವಣಗಿತ್ತಿಯ ಸೋದರಮಾವ ಅಂದರೆ ನನ್ನ ಮಗ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬಂದವನು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತಿದ್ದ. "ಅದನ್ನ ನೀನಾದ್ರೂ ಹೊತ್ಕೊಂಡು ಬಾರೋ," ಅಂದೆ. ಅವನು ಪಾಪ, ಹೇಳಿದ ಹಾಗೆ ಹೆಗಲಿಗೆ ಇಟ್ಟುಕೊಂಡು ಗೇಟಿನಿಂದ ಬಾಗಿಲವರೆಗೆ ಬಂದ. "ಭಾರಾನೇ ಇಲ್ಲ ಕಣವ್ವ," ಅಂದ.

ಆ ಸಂಜೆ ಸಿದ್ದಪ್ಪ ಮಾವ ಕಂಬ ಇಳಿಸಿದಾಗ ಅವನ ಹೊಸ ಅಂಗಿಯ ಬಲಗಡೆ ಹೆಗಲು ಪೂರ್ತಿ ಒದ್ದೆಯಾಗಿ, ಗೋಣಿಯ ನಾರು ಅಂಟಿಕೊಂಡಿತ್ತು. ಬೇರೆ ಅಂಗಿ ಕೊಡ್ತೀನಿ ಅಂತ ಅವ್ವ ಎರಡು ಸಲ ಹೇಳಿದಳು. ಬೇಡ ಅಂದ. ಕಡೆಯ ಪಂಕ್ತಿಯಲ್ಲಿ ಉಂಡು ಏಳುವವರೆಗೂ ಆ ಹೆಗಲು ಆರಿರಲಿಲ್ಲ.